ಗ್ಯಾಂಗ್‌ವೇ ಹತ್ತಿ ಬರುವ ಫಾದರ್: ಸ್ಟೆಲ್ಲಾ ಮಾರಿಸ್ ಸೇವೆ ನನಗೆ ಕಂಡಂತೆ

ಹೊಸದಾಗಿ ಹಡಗು ಸೇರಿದ ಹುಡುಗರು ಒಂದು ಪ್ರಶ್ನೆ ಕೇಳುತ್ತಲೇ ಇರುತ್ತಾರೆ. ಬಂದರಿನಲ್ಲಿ ನಾವಿಕರಿಗಾಗಿ ಸ್ಟೆಲ್ಲಾ ಮಾರಿಸ್ ಸೆಂಟರ್ ಇದೆಯಂತೆ, ನಾವು ಹೋಗಬಹುದಾ, ಅದು ಚರ್ಚಿನವರದ್ದಲ್ವಾ? ಖಂಡಿತ ಹೋಗಿ. ಚರ್ಚಿನವರದ್ದೇ, ಆದರೆ ಬಾಗಿಲಲ್ಲಿ ಯಾರೂ ನಿಮ್ಮ ಜಾತಿ, ಧರ್ಮ ಕೇಳುವುದಿಲ್ಲ. ವೈಫೈಗೆ ಹೋದರೂ ಸರಿ, ಸುಮ್ನೆ ಅಲುಗಾಡದ ನೆಲದ ಮೇಲೆ ಸ್ವಲ್ಪ ಹೊತ್ತು ಕೂರಲು ಹೋದರೂ ಸರಿ. ಆದರೆ ನಾನು ಇಲ್ಲಿ ಹೇಳಬೇಕಾದ್ದು ಸೆಂಟರ್ ಬಗ್ಗೆ ಕಡಿಮೆ. ಅಲ್ಲಿಂದ ಹೊರಟು ನಮ್ಮ ಹಡಗಿನ ಗ್ಯಾಂಗ್‌ವೇ, ಅಂದರೆ ದಡದಿಂದ ಹಡಗಿಗೆ ಹತ್ತುವ ಮೆಟ್ಟಿಲು, ಹತ್ತಿ ಬರುವ ಫಾದರ್ ಬಗ್ಗೆಯೇ ಜಾಸ್ತಿ. ಈ ಸೇವೆಯ ನಿಜವಾದ ಬೆಲೆ ಅಲ್ಲಿದೆ.

ನಾನು ಬಲ್ಕ್ ಕ್ಯಾರಿಯರ್‌ಗಳಲ್ಲಿ ಎಬಿ, ಅಂದರೆ ಡೆಕ್ಕಿನ ಅನುಭವಿ ನಾವಿಕ. ಧಾನ್ಯ, ಕಲ್ಲಿದ್ದಲು, ಅದಿರು ಸಾಗಿಸುವ ಹಡಗುಗಳು. ಹಲವು ದೇಶಗಳಲ್ಲಿ ಇಂಥ ಸೆಂಟರ್‌ಗಳಿಗೆ ಹೋಗಿದ್ದೇನೆ. ಈಗ ಬರೆಯುತ್ತಿರುವುದು ಬ್ರೆಜಿಲ್‌ನ ಒಂದು ಧಾನ್ಯದ ಬಂದರಿನದು. ಊರಿನ ಹೆಸರು, ಫಾದರ್ ಹೆಸರು ಎರಡನ್ನೂ ಬಿಟ್ಟಿದ್ದೇನೆ. ಅವರು ಸಂಬಳದ ಜಗಳಗಳ ಮಧ್ಯೆ ಕೆಲಸ ಮಾಡುವವರು. ಹೆಸರು ಓಡಾಡಿದರೆ ಅವರಿಗಿಂತ ಅವರ ಹತ್ತಿರ ಮಾತಾಡಿದ ಹುಡುಗರಿಗೆ ತೊಂದರೆ.

ಸ್ಟೆಲ್ಲಾ ಮಾರಿಸ್ ಗೊತ್ತಿಲ್ಲದವರಿಗೆ ಎರಡು ಮಾತು. ಇದು ಕಥೋಲಿಕ ಚರ್ಚಿನ ನಾವಿಕರ ಸೇವೆ. 1920ರಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ ಶುರುವಾಯಿತು. ಈಗ 50ಕ್ಕೂ ಹೆಚ್ಚು ದೇಶಗಳ 300ಕ್ಕೂ ಹೆಚ್ಚು ಬಂದರುಗಳಲ್ಲಿದೆ. ಕೆಲವು ಕಡೆ ದೊಡ್ಡ ಕಟ್ಟಡ, ಕೆಲವು ಕಡೆ ಒಂದು ಕೋಣೆ, ಕೆಲವು ಕಡೆ ಒಂದು ವ್ಯಾನು ಮತ್ತು ಅದನ್ನು ಓಡಿಸುವ ಒಬ್ಬ ಮನುಷ್ಯ, ಅಷ್ಟೇ. ಆಂಗ್ಲಿಕನ್ ಚರ್ಚಿನವರ ಮಿಷನ್ ಟು ಸೀಫೇರರ್ಸ್ ಇದಕ್ಕಿಂತ ಹಳೆಯದು, 1856ರದ್ದು. ಎಷ್ಟೋ ಬಂದರುಗಳಲ್ಲಿ ಇಬ್ಬರೂ ಸೇರಿಯೇ ಕೆಲಸ ಮಾಡುತ್ತಾರೆ.

ಧಾನ್ಯ ತುಂಬುವ ಬಂದರಿನಲ್ಲಿ ಮಳೆ ಬಂದರೆ ಹ್ಯಾಚ್, ಅಂದರೆ ಸರಕು ತುಂಬುವ ಬಾಯಿಯ ಮುಚ್ಚಳ, ಮುಚ್ಚಬೇಕು. ಲೋಡಿಂಗ್ ನಿಲ್ಲುತ್ತದೆ. ನಾವು ಹೋದಾಗ ಮಳೆ ಬಿಟ್ಟು ಬಿಟ್ಟು ಬರುತ್ತಿತ್ತು. ಹ್ಯಾಚ್ ತೆಗೆ, ಮುಚ್ಚು, ಮತ್ತೆ ತೆಗೆ. ಡೆಕ್ಕಿನವರಿಗೆ ನಿದ್ದೆ ಎಂಬುದು ಇರಲಿಲ್ಲ. ಅಂಥ ಹೊತ್ತಿನಲ್ಲಿ ನಾನು ಗ್ಯಾಂಗ್‌ವೇ ವಾಚ್‌ನಲ್ಲಿದ್ದೆ. ಹೆಲ್ಮೆಟ್, ಸೇಫ್ಟಿ ಶೂ, ಹೊಳೆಯುವ ಜಾಕೆಟ್, ಬೆನ್ನಿಗೊಂದು ಬ್ಯಾಗು ಹಾಕಿಕೊಂಡು ವಯಸ್ಸಾದವರೊಬ್ಬರು ಮೇಲೆ ಹತ್ತಿ ಬಂದರು. ಜಾಕೆಟ್ಟಿನ ಸಂದಿಯಲ್ಲಿ ಸಣ್ಣ ಶಿಲುಬೆ ಕಾಣುತ್ತಿತ್ತು. ವಿಸಿಟರ್ ಪುಸ್ತಕದಲ್ಲಿ ಹೆಸರು ಬರೆದು, ನನ್ನ ಮುಖ ನೋಡಿ ಮೊದಲು ಕೇಳಿದ್ದು, "ನಿನ್ನೆಯಿಂದ ಎಷ್ಟು ಗಂಟೆ ಮಲಗಿದ್ದೀರಿ?"

ಇದು ಕುಶಲ ವಿಚಾರಿಸುವ ಮಾತು ಅಂದುಕೊಳ್ಳಬೇಡಿ. ಲೆಕ್ಕದ ಮಾತು. ನಾವಿಕರ ಕೆಲಸದ ಬಗ್ಗೆ ಇರುವ ಅಂತರರಾಷ್ಟ್ರೀಯ ಒಪ್ಪಂದ ಎಂಎಲ್‌ಸಿ 2006ರ ಪ್ರಕಾರ ಯಾವುದೇ 24 ಗಂಟೆಯಲ್ಲಿ ಕನಿಷ್ಠ 10 ಗಂಟೆ, ಯಾವುದೇ 7 ದಿನದಲ್ಲಿ ಕನಿಷ್ಠ 77 ಗಂಟೆ ವಿಶ್ರಾಂತಿ ಸಿಗಬೇಕು. ಕಾಗದದಲ್ಲಿ ಎಲ್ಲ ಹಡಗಿನಲ್ಲೂ ಸಿಕ್ಕಿರುತ್ತದೆ. ನಿಜವಾಗಿ ಸಿಕ್ಕಿದೆಯಾ ಅಂತ ಕೇಳುವ ಹೊರಗಿನವರು ತೀರಾ ಕಡಿಮೆ. ಈ ಮನುಷ್ಯ ಮೆಟ್ಟಿಲು ಹತ್ತಿದ ಉಸಿರು ಸರಿಹೋಗುವ ಮೊದಲೇ ಕೇಳಿದರು.

ಮೆಸ್ ರೂಮಿಗೆ ಹೋದ ಮೇಲೆ ಅವರ ಬ್ಯಾಗು ಬಿಚ್ಚಿತು. ಸಿಮ್ ಕಾರ್ಡು, ಉಣ್ಣೆ ಟೋಪಿ, ನಾಲ್ಕಾರು ಭಾಷೆಯ ಪತ್ರಿಕೆ, ಸೆಂಟರಿಗೆ ಹೋಗುವ ದಾರಿಯ ಚೀಟಿ. ನಮ್ಮಲ್ಲಿ ಫಿಲಿಪಿನೋ ಹುಡುಗರು ಜಾಸ್ತಿ ಇದ್ದರು. ಬಲಿಪೂಜೆ, ಅಂದರೆ ಚರ್ಚಿನ ಮಾಸ್, ಬೇಕು ಅಂದರು. ಸಂಜೆ ವಾಚ್ ಬದಲಾಗುವ ಹೊತ್ತಿಗೆ ಮಾಡೋಣ ಅಂದರು ಫಾದರ್. ನಾನು ಆ ಮತದವನಲ್ಲ. ನನ್ನನ್ನು ಯಾರೂ ಕರೆಯಲಿಲ್ಲ, ಹೋಗು ಅಂತಲೂ ಹೇಳಲಿಲ್ಲ. ಹಿಂದೆ ನಿಂತು ನೋಡಿದೆ. ಸಮುದ್ರದಲ್ಲಿ ಸತ್ತವರಿಗಾಗಿ ಪ್ರಾರ್ಥನೆ ಮಾಡುವಾಗ ಕುಕ್ ಅಳುತ್ತಿದ್ದ. ಅವನ ತಂದೆಯ ಅಂತ್ಯಕ್ರಿಯೆಗೆ ಅವನು ಹೋಗಲಾಗಿರಲಿಲ್ಲ ಅಂತ ನಮಗೆ ಗೊತ್ತಾಗಿದ್ದೇ ಆವತ್ತು. ತಿಂಗಳುಗಟ್ಟಲೆ ಒಟ್ಟಿಗೆ ಊಟ ಮಾಡಿದ್ದೆವು.

ಆಮೇಲೆ ಅವರು ಸಂಬಳದ ವಿಷಯ ತೆಗೆದರು. ಯಾರನ್ನೂ ನೇರವಾಗಿ ನೋಡದೆ, ಕಾಫಿ ಲೋಟ ಹಿಡಿದುಕೊಂಡೇ ಕೇಳಿದರು. "ಮನೆಗೆ ಅಲಾಟ್‌ಮೆಂಟ್ ಸರಿಯಾಗಿ ಹೋಗುತ್ತಿದೆಯಾ?" ಸಂಬಳದಲ್ಲಿ ಮನೆಗೆ ಕಳಿಸುವ ಪಾಲು ಅದು. ಯಾರೂ ಮಾತಾಡಲಿಲ್ಲ. ಹೋಗುತ್ತಿರಲಿಲ್ಲ. ಎರಡು ತಿಂಗಳ ಮೇಲಾಗಿತ್ತು. ಆಫೀಸಿನಿಂದ ಇವತ್ತು ಬರುತ್ತದೆ, ನಾಳೆ ಬರುತ್ತದೆ ಅಂತ ಕ್ಯಾಪ್ಟನ್ ಹೇಳುತ್ತಿದ್ದರು. ಪಾಪ, ಅವರಿಗೂ ಬಂದಿರಲಿಲ್ಲ. ಹೇಳಿದರೆ ಮುಂದಿನ ಕಾಂಟ್ರಾಕ್ಟ್ ಸಿಗದು ಎಂಬ ಹೆದರಿಕೆ ಎಲ್ಲರಿಗೂ. ಹಡಗಿನ ಕೆಲಸದಲ್ಲಿ ಈ ಹೆದರಿಕೆಯೇ ದೊಡ್ಡ ರೋಗ.

ಫಾದರ್ ಎದ್ದು ಹೊರಗಿನ ನೋಟಿಸ್ ಬೋರ್ಡಿನ ಹತ್ತಿರ ಹೋದರು. ಹಿಂದೆಯೇ ನಾವೂ ಹೋದೆವು. ಅಲ್ಲಿ ಒಂದು ಸರ್ಟಿಫಿಕೇಟ್ ಅಂಟಿಸಿತ್ತು. ದಿನವೂ ಅದರ ಮುಂದೆ ಓಡಾಡುತ್ತಿದ್ದೆವು, ಒಬ್ಬರೂ ಓದಿರಲಿಲ್ಲ. ಅವರು ಬೆರಳಿಟ್ಟು ಒಂದೊಂದು ಸಾಲು ಓದಿ ಹೇಳಿದರು. ಹಡಗಿನ ಮಾಲೀಕರು ನಾವಿಕರನ್ನು ಕೈಬಿಟ್ಟರೆ ಯಾರು ಹಣ ಕೊಡಬೇಕು ಎಂಬ ಗ್ಯಾರಂಟಿ ಕಾಗದ ಅದು. 2017ರ ಜನವರಿ 18ರಿಂದ ಈ ನಿಯಮ ಜಾರಿಯಲ್ಲಿದೆ. ಕನಿಷ್ಠ 2 ತಿಂಗಳು ಸಂಬಳ ಕೊಡದೆ ಸಂಬಂಧ ಕಡಿದುಕೊಂಡರೂ ಅದು ಕೈಬಿಟ್ಟ ಲೆಕ್ಕಕ್ಕೇ ಬರುತ್ತದೆ. ಆಗ 4 ತಿಂಗಳವರೆಗಿನ ಬಾಕಿ ಸಂಬಳ, ಊಟ, ನೀರು, ವೈದ್ಯರ ಖರ್ಚು, ಊರಿಗೆ ಮರಳುವ ಖರ್ಚು ಇಷ್ಟನ್ನೂ ಆ ಗ್ಯಾರಂಟಿ ಕೊಟ್ಟವರು ಕೊಡಬೇಕು. ಅವರ ಫೋನ್ ನಂಬರ್ ಆ ಕಾಗದದಲ್ಲೇ ಇರುತ್ತದೆ. "ಫೋಟೋ ತೆಗೆದುಕೊಳ್ಳಿ," ಅಂದರು. ಎಲ್ಲರೂ ತೆಗೆದುಕೊಂಡೆವು.

ಇನ್ನೊಂದು ಮಾತನ್ನೂ ಅವರು ಬಿಡಿಸಿ ಹೇಳಿದರು. ಬಂದರಿನ ಅಧಿಕಾರಿಗಳಿಗೆ ದೂರು ಕೊಟ್ಟರೆ ಕೊಟ್ಟವರ ಹೆಸರನ್ನು ಗುಟ್ಟಾಗಿಡಬೇಕು ಅಂತ ಅದೇ ಒಪ್ಪಂದದಲ್ಲಿದೆ. "ನೀವು ದೂರು ಕೊಡಿ ಅಂತ ನಾನು ಹೇಳುವುದಿಲ್ಲ. ಕೊಡುವುದಾದರೆ ನಾನು ಪಕ್ಕದಲ್ಲಿರುತ್ತೇನೆ. ರಾತ್ರಿ ಯೋಚನೆ ಮಾಡಿ." ಇಷ್ಟು ಹೇಳಿ ಹೊರಟರು. ನನಗೆ ಈ ಮನುಷ್ಯನ ಮೇಲೆ ನಂಬಿಕೆ ಬಂದಿದ್ದು ಈ ಮಾತಿನಿಂದ. ನಮ್ಮ ಪರವಾಗಿ ತಾವೇ ನಿರ್ಧಾರ ಮಾಡಲಿಲ್ಲ. ಪರಿಣಾಮ ಅನುಭವಿಸುವವರು ನಾವು ಅಂತ ಅವರಿಗೆ ಗೊತ್ತಿತ್ತು.

ರಾತ್ರಿ ಡೆಕ್ಕಿನ ಹುಡುಗರ ಮೇಸ್ತ್ರಿ ಬೋಸನ್ ಕ್ಯಾಬಿನ್‌ನಲ್ಲಿ ಕೂತು ಮಾತಾಡಿದೆವು. ಬೆಳಗ್ಗೆ ಹ್ಞೂಂ ಅಂದೆವು. ಫಾದರ್ ಸಾರಿಗೆ ಕಾರ್ಮಿಕರ ಯೂನಿಯನ್‌ಗಳ ಅಂತರರಾಷ್ಟ್ರೀಯ ಒಕ್ಕೂಟ ಐಟಿಎಫ್‌ನ ಇನ್ಸ್‌ಪೆಕ್ಟರ್‌ಗೆ ಸುದ್ದಿ ಮುಟ್ಟಿಸಿದರು. ಬಂದರಿನ ತಪಾಸಣೆಯವರೂ ಬಂದರು. ಹಡಗಿನವರ ಸಂಬಳದ ಪಟ್ಟಿ, ಪೋರ್ಟೇಜ್ ಬಿಲ್ ತರಿಸಿ ಲೆಕ್ಕ ನೋಡಿದರು. ಹಡಗು ಹೊರಡುವ ಮೊದಲು ಒಂದಷ್ಟು ಹಣ ಮನೆಗಳಿಗೆ ಹೋಯಿತು. ಉಳಿದದ್ದು ಮುಂದಿನ ಬಂದರು ತಲುಪುವ ಹೊತ್ತಿಗೆ ಬಂತು. ಇದನ್ನು ಮಾಡಿಸಿದ್ದು ಇನ್ಸ್‌ಪೆಕ್ಟರ್‌ಗಳು, ಅದನ್ನು ಸ್ಪಷ್ಟವಾಗಿ ಹೇಳಬೇಕು. ಫಾದರ್ ಹತ್ತಿರ ಯಾವ ಅಧಿಕಾರವೂ ಇಲ್ಲ. ಹಡಗು ನಿಲ್ಲಿಸಲಾರರು, ದಂಡ ಹಾಕಲಾರರು. ಆದರೆ ಅವರು ಬಂದು ಕೇಳದೇ ಇದ್ದಿದ್ದರೆ ಆ ಇನ್ಸ್‌ಪೆಕ್ಟರ್‌ಗಳಿಗೆ ನಮ್ಮ ಸುದ್ದಿಯೇ ಹೋಗುತ್ತಿರಲಿಲ್ಲ.

ನಮ್ಮಲ್ಲಿ ಒಬ್ಬ ಓಎಸ್ ಇದ್ದ, ಅಂದರೆ ಎಬಿಗಿಂತ ಕೆಳಗಿನ ಹಂತದ ಡೆಕ್ ನಾವಿಕ. ಮೊದಲನೇ ಹಡಗು, ಇನ್ನೂ ಮೀಸೆ ಸರಿಯಾಗಿ ಬಂದಿರಲಿಲ್ಲ. ಸೆಂಟರಿಗೆ ಹೋಗುವ ವ್ಯಾನಿನಲ್ಲಿ ಅವನು ಮುಂದಿನ ಸೀಟಿನಲ್ಲಿ ಫಾದರ್ ಪಕ್ಕ ಕೂತಿದ್ದ. ಅವರು ಸ್ಟೀರಿಂಗ್ ಹಿಡಿದುಕೊಂಡೇ ಕೇಳಿದರು. "ಈ ಕೆಲಸಕ್ಕೆ ಏಜೆಂಟ್‌ಗೆ ಎಷ್ಟು ಕೊಟ್ಟೆ?" ಹುಡುಗ ಸುಮ್ಮನಾದ. ಆಮೇಲೆ ಹೇಳಿದ. ಅವನ ಅಮ್ಮನ ಒಡವೆ ಅಡವಿಟ್ಟು ಕೊಟ್ಟಿದ್ದ ಹಣ. ನಾವಿಕನಿಂದ ಕೆಲಸ ಕೊಡಿಸಲು ಹಣ ತೆಗೆದುಕೊಳ್ಳಬಾರದು ಅಂತ ಎಂಎಲ್‌ಸಿ ಖಡಾಖಂಡಿತವಾಗಿ ಹೇಳುತ್ತದೆ. ನಮ್ಮ ದೇಶದಲ್ಲೂ ಸರಕಾರದ ಹಡಗು ಇಲಾಖೆ ಡಿಜಿ ಶಿಪ್ಪಿಂಗ್‌ನಿಂದ ಆರ್‌ಪಿಎಸ್‌ಎಲ್ ಎಂಬ ನೇಮಕಾತಿ ಲೈಸೆನ್ಸ್ ಇರುವ ಕಂಪನಿ ಮಾತ್ರ ನೇಮಕ ಮಾಡಬೇಕು. ಆದರೂ ಹಣ ಕೈಬದಲಾಗುತ್ತಲೇ ಇದೆ. ಹಡಗಿನಲ್ಲಿರುವ ಎಷ್ಟೋ ಹುಡುಗರು ಮೊದಲ ಕಾಂಟ್ರಾಕ್ಟ್ ಪೂರ್ತಿ ದುಡಿಯುವುದು ಏಜೆಂಟ್ ಸಾಲ ತೀರಿಸಲು. ಸಂಬಳ ನಿಂತರೂ ಅವರು ಬಾಯಿ ಬಿಡದಿರುವುದು ಇದಕ್ಕೇ. ಸಾಲ ಇರುವವನಿಗೆ ಕೆಲಸ ಬಿಡುವ ಧೈರ್ಯ ಎಲ್ಲಿಂದ ಬರಬೇಕು?

ಈ ಪ್ರಶ್ನೆ ಕೇಳಬೇಕು ಅಂತ ನಿಮಗೆ ಹೇಗೆ ಹೊಳೆಯಿತು ಫಾದರ್ ಅಂತ ನಾನು ಸೆಂಟರಿನಲ್ಲಿ ಕೇಳಿದೆ. ಅವರು ತಮ್ಮ ಕಥೆ ಹೇಳಿದರು. ಅವರ ಮುತ್ತಜ್ಜ ಇಟಲಿಯ ವೆನೆಟೋ ಕಡೆಯಿಂದ ಹಡಗಿನಲ್ಲಿ ಬ್ರೆಜಿಲ್‌ಗೆ ಬಂದ ರೈತ. ಫಾದರ್ ಸೇರಿದ್ದು ಸ್ಕಲಬ್ರಿನಿ ಸಭೆ ಎಂಬ ಪಾದ್ರಿಗಳ ಸಂಘಕ್ಕೆ. ಆ ಸಭೆ ಹುಟ್ಟಿದ್ದೇ ಇಂಥ ವಲಸಿಗರಿಗಾಗಿ. ಪಾದ್ರಿಯಾದ ಮೇಲೆ ತುಂಬಾ ವರ್ಷ ಸಾವೊ ಪಾಲೊದಲ್ಲಿ ವಲಸಿಗರ ತಂಗುಮನೆಯಲ್ಲಿದ್ದರು. ಬೊಲಿವಿಯಾದಿಂದ ಬಂದು ಬಟ್ಟೆ ಹೊಲಿಯುವ ಕಾರ್ಖಾನೆಗಳಲ್ಲಿ ದುಡಿಯುವವರು, 2010ರ ಭೂಕಂಪದ ನಂತರ ಹೈಟಿಯಿಂದ ಬಂದವರು, ಎಲ್ಲರೂ ಅಲ್ಲಿಗೆ ಬರುತ್ತಿದ್ದರು. ಕರೆದುಕೊಂಡು ಬಂದವನಿಗೆ ಕೊಡಬೇಕಾದ ಸಾಲ, ಆ ಸಾಲಕ್ಕೆ ಮುರಿದುಕೊಂಡ ಕೂಲಿ. ಇದನ್ನೇ ದಿನವೂ ಕೇಳಿ ಕೇಳಿ, ಬಂದರಿಗೆ ಬಂದ ಮೇಲೆ ಹಡಗಿನವರ ಮೌನದ ಕಾರಣ ಗೊತ್ತುಮಾಡಿಕೊಳ್ಳಲು ಕಷ್ಟವಾಗಲಿಲ್ಲ ಅಂದರು.

ಸ್ಕಲಬ್ರಿನಿ ಯಾರು ಅಂತ ನಾನು ಆಮೇಲೆ ಓದಿಕೊಂಡೆ. ಓದಿದ್ದು ಒಳ್ಳೆಯದಾಯಿತು. ಜೊವಾನಿ ಬತ್ತಿಸ್ತಾ ಸ್ಕಲಬ್ರಿನಿ 1839ರಲ್ಲಿ ಹುಟ್ಟಿದವರು. 1876ರಿಂದ 1905ರಲ್ಲಿ ಸಾಯುವವರೆಗೆ ಇಟಲಿಯ ಪಿಯಾಚೆನ್ಸಾದ ಬಿಷಪ್. ಒಮ್ಮೆ ಮಿಲಾನ್ ರೈಲು ನಿಲ್ದಾಣದಲ್ಲಿ ಹರಕು ಬಟ್ಟೆಯ ನೂರಾರು ಜನ ಗುಂಪು ಗುಂಪಾಗಿ ಕೂತಿದ್ದನ್ನು ನೋಡಿದರು. ಅಮೆರಿಕಕ್ಕೆ ಹೋಗಲು ಊರು ಬಿಟ್ಟು ಹೊರಟ ಬಡವರು ಅವರು. 1887ರಲ್ಲಿ ಅದನ್ನು ಬರೆದರು. ಅದೇ ವರ್ಷ ವಲಸಿಗರಿಗಾಗಿ ಪಾದ್ರಿಗಳ ಸಭೆ ಕಟ್ಟಿದರು. ಆ ಪಾದ್ರಿಗಳಲ್ಲಿ ಪಿಯೆತ್ರೊ ಮಾಲ್ದೊತ್ತಿ ಎಂಬುವರು ಜಿನೋವಾ ಬಂದರಿನಲ್ಲಿ ನಿಂತು, ಹಡಗು ಹತ್ತಲು ಬಂದ ಬಡವರನ್ನು ಸುಲಿಯುತ್ತಿದ್ದ ಏಜೆಂಟ್‌ಗಳ ಜೊತೆ ವರ್ಷಗಟ್ಟಲೆ ಹೋರಾಡಿದರು. ಸ್ಕಲಬ್ರಿನಿ ಸರಕಾರದ ಮುಂದೆಯೂ ಇದೇ ಮಾತು ಎತ್ತಿದರು. 1901ರಲ್ಲಿ ಇಟಲಿ ವಲಸಿಗರ ರಕ್ಷಣೆಗೆ ಕಾನೂನು ಮಾಡಿತು. 2022ರ ಅಕ್ಟೋಬರ್ 9ರಂದು ಪೋಪ್ ಫ್ರಾನ್ಸಿಸ್ ಸ್ಕಲಬ್ರಿನಿಯನ್ನು ಸಂತ ಎಂದು ಘೋಷಿಸಿದರು.

ಹಾಗಾದರೆ ವ್ಯಾನಿನಲ್ಲಿ ಆ ಹುಡುಗನಿಗೆ ಕೇಳಿದ ಪ್ರಶ್ನೆ ಹೊಸದಲ್ಲ. ಜಿನೋವಾ ಬಂದರಿನ ಕಟ್ಟೆಯ ಮೇಲೆ ನೂರು ವರ್ಷಕ್ಕೂ ಹಿಂದೆಯೇ ಯಾರೋ ಒಬ್ಬ ಪಾದ್ರಿ ಇಂಥದ್ದೇ ಹುಡುಗನಿಗೆ ಅದನ್ನು ಕೇಳಿರಬೇಕು. ನನಗೆ ಇದು ತುಂಬಾ ಹಿಡಿಸಿತು. ಸಮಾಧಾನ ಹೇಳುವ ಧರ್ಮ ಬೇರೆ, ಏಜೆಂಟ್‌ಗೆ ಎಷ್ಟು ಕೊಟ್ಟೆ ಅಂತ ಕೇಳುವ ಧರ್ಮ ಬೇರೆ. ಈ ಫಾದರ್ ಹತ್ತಿರ ಎರಡೂ ಇದ್ದವು. ಕುಕ್‌ಗೆ ಒಂದು ಬೇಕಿತ್ತು, ಓಎಸ್ ಹುಡುಗನಿಗೆ ಇನ್ನೊಂದು.

ಇನ್ನು ಸೆಂಟರ್. ಬೇಗ ಹೇಳಿ ಮುಗಿಸುತ್ತೇನೆ. ಹಳೆಯ ಮನೆಯಂಥ ಕಟ್ಟಡ. ವೈಫೈ ಚೆನ್ನಾಗಿದೆ, ವಿಡಿಯೋ ಕಾಲ್ ನಿಲ್ಲುವುದಿಲ್ಲ. ಬಿಲಿಯರ್ಡ್ಸ್ ಮೇಜು, ಒಂದು ಗಿಟಾರ್, ಯಾರಾದರೂ ತೆಗೆದುಕೊಂಡು ಹೋಗಬಹುದಾದ ಬೆಚ್ಚನೆ ಬಟ್ಟೆಗಳ ಕಪಾಟು. ಪಕ್ಕದಲ್ಲಿ ಸಣ್ಣ ಪ್ರಾರ್ಥನೆ ಕೋಣೆ. ಅಲ್ಲಿ ಬೇರೆ ಧರ್ಮದವರೂ ಕೂತು ಬರುತ್ತಿದ್ದರು. ಕೌಂಟರ್ ನೋಡಿಕೊಳ್ಳುವವರು ಹತ್ತಿರದ ಮನೆಗಳ ಸ್ವಯಂಸೇವಕರು. ಒಬ್ಬ ಅಜ್ಜಿ ನಮಗೆಲ್ಲ ಫೋನ್ ಚಾರ್ಜರ್ ಹುಡುಕಿ ಕೊಡುವುದೇ ಕೆಲಸ ಮಾಡಿಕೊಂಡಿದ್ದರು. ಅವರ ಪೋರ್ಚುಗೀಸ್ ನಮಗೆ ಬಾರದು, ನಮ್ಮ ಇಂಗ್ಲಿಷ್ ಅವರಿಗೆ ಬಾರದು. ಮಾತು ನಡೆಯುತ್ತಲೇ ಇತ್ತು.

ಕೊರತೆ ಇಲ್ವಾ? ಇದೆ. ಅದರಲ್ಲಿ ಜಾಸ್ತಿ ಪಾಲು ಇವರ ಕೈಯಲ್ಲಿಲ್ಲ. ಇಂಥ ಸೇವೆ ನಡೆಯುವುದು ಹೆಚ್ಚಾಗಿ ದಾನದಿಂದ, ಸ್ವಯಂಸೇವಕರಿಂದ. ಒಬ್ಬ ಪಾದ್ರಿ, ಒಂದು ವ್ಯಾನು, ಹತ್ತಾರು ಹಡಗು. ಎಲ್ಲ ಹಡಗಿಗೂ ಹೋಗಲು ಆಗುವುದಿಲ್ಲ. ಲಂಗರು ಹಾಕಿ ದೂರ ನಿಂತ ಹಡಗಿಗೆ ಹೋಗುವುದು ಇನ್ನೂ ಕಷ್ಟ. ಕಂಟೇನರ್ ಹಡಗಿನವರಿಗಂತೂ ಎಷ್ಟೋ ಸಲ ಒಂದು ದಿನವೂ ಸಿಗುವುದಿಲ್ಲ. ಅಷ್ಟರಲ್ಲಿ ಹಡಗು ಹೊರಟಿರುತ್ತದೆ.

ಗೇಟಿನದ್ದು ಬೇರೆಯೇ ಕಥೆ. 2004ರ ಜುಲೈಯಿಂದ ಬಂದರು ಭದ್ರತೆಗೆ ಐಎಸ್‌ಪಿಎಸ್ ನಿಯಮ ಬಂತು. ಭದ್ರತೆ ಬೇಕು, ಒಪ್ಪುತ್ತೇನೆ. ಆದರೆ ನಾವಿಕರು ಹೊರಗೆ ಹೋಗಿ ಬರಲು, ಸೇವಾ ಸಂಸ್ಥೆಯವರು ಹಡಗಿಗೆ ಬರಲು ದಾರಿ ಮಾಡಿಕೊಡಬೇಕು ಅಂತಲೂ ಅದೇ ನಿಯಮದಲ್ಲಿದೆ. ಈ ಎರಡನೇ ಸಾಲನ್ನು ಯಾರೂ ನೆನಪಿಡುವುದಿಲ್ಲ. ಬೇರೊಂದು ದೇಶದ ಒಂದು ಟರ್ಮಿನಲ್‌ನಲ್ಲಿ ಗೇಟಿನ ಆಚೆ ಸೆಂಟರಿನ ವ್ಯಾನು ನಿಂತಿರುವುದು ನಮಗೆ ಕಾಣುತ್ತಿತ್ತು. ಈಚೆ ನಾವು. ಬಿಡಲೇ ಇಲ್ಲ. ಆವತ್ತಿನ ಸಿಟ್ಟು ನನಗೆ ಇನ್ನೂ ಇಳಿದಿಲ್ಲ. 2020ರಲ್ಲಿ ಕೊರೋನಾ ಬಂದಾಗ ಸುಮಾರು 4 ಲಕ್ಷ ನಾವಿಕರು ಕಾಂಟ್ರಾಕ್ಟ್ ಮುಗಿದರೂ ಇಳಿಯಲಾಗದೆ ಹಡಗುಗಳಲ್ಲೇ ಸಿಕ್ಕಿಬಿದ್ದಿದ್ದರು. ಆಗ ಎಷ್ಟೋ ಬಂದರುಗಳಲ್ಲಿ ಇಂಥ ಸೇವೆಯವರು ಗ್ಯಾಂಗ್‌ವೇ ಕೆಳಗೆ ಸಾಮಾನು ಇಟ್ಟು, ಫೋನಿನಲ್ಲಿ ಮಾತಾಡಿಸಿ ಹೋಗುತ್ತಿದ್ದರು.

ಈಗ ಹಡಗಿನಲ್ಲೇ ಇಂಟರ್‌ನೆಟ್ ಇದೆ, ಸೆಂಟರ್ ಯಾಕೆ ಬೇಕು ಅನ್ನುವವರಿದ್ದಾರೆ. 2024ರ ಡಿಸೆಂಬರ್‌ನಿಂದ ಎಂಎಲ್‌ಸಿಯಲ್ಲೂ ನಾವಿಕರಿಗೆ ಇಂಟರ್‌ನೆಟ್ ಒದಗಿಸುವ ನಿಯಮ ಸೇರಿದೆ. ಸಂತೋಷ. ಆದರೆ ನಮ್ಮ ಆ ಹಡಗಿನಲ್ಲೂ ಇಂಟರ್‌ನೆಟ್ ಇತ್ತು. ಸಂಬಳ ಬಂದಿಲ್ಲ ಅಂತ ನಾವು ದಿನವೂ ಮನೆಯವರ ಹತ್ತಿರ ಮಾತಾಡುತ್ತಿದ್ದೆವು. ಅವರೂ ಅಳುತ್ತಿದ್ದರು, ನಾವೂ ಸುಮ್ಮನಿರುತ್ತಿದ್ದೆವು. ಆ ನೋಟಿಸ್ ಬೋರ್ಡನ್ನು ಓದಿಸಲು ಒಬ್ಬ ಮನುಷ್ಯನೇ ಮೆಟ್ಟಿಲು ಹತ್ತಿ ಬರಬೇಕಾಯಿತು. ಕಂಪನಿಯವನಲ್ಲ, ಏಜೆಂಟನಲ್ಲ, ಬಂದರಿನವನಲ್ಲ. ಅಂಥ ಒಬ್ಬನೇ ಒಬ್ಬ ಹೊರಗಿನವನು ಹಡಗಿಗೆ ಬರುವ ಹಾಗಿರಬೇಕು. ಅದನ್ನು ಯಾವ ಸಿಗ್ನಲ್ಲೂ ಕೊಡುವುದಿಲ್ಲ.

ಓಎಸ್ ಹುಡುಗನ ವಿಷಯ ಹೇಳದೆ ಬಿಡುವುದು ಸರಿಯಲ್ಲ. ಏಜೆಂಟ್‌ಗೆ ಕೊಟ್ಟ ಹಣ ವಾಪಸ್ ಬಂದಿಲ್ಲ. ರಸೀದಿ ಇರಲಿಲ್ಲ, ಕೈಗೆ ಕೊಟ್ಟ ನಗದು. ದೂರು ಹೇಗೆ ಬರೆಯಬೇಕು ಅಂತ ಫಾದರ್ ಅವನಿಗೆ ಕೂತು ಹೇಳಿಕೊಟ್ಟರು. ದೂರು ಹೋಗಿದೆ. ಈಗ ಅವನು ಬೇರೆ ಹಡಗಿನಲ್ಲಿದ್ದಾನೆ, ಲೈಸೆನ್ಸ್ ನೋಡಿಯೇ ಸೇರಿದ್ದು. ಫಾದರ್ ಈಗಲೂ ಅವನಿಗೆ ಮೆಸೇಜ್ ಹಾಕುತ್ತಾರೆ. ಮೊದಲ ಪ್ರಶ್ನೆ ಅದೇ, ಸಂಬಳ ಬಂತಾ?

ನನ್ನ ರೇಟಿಂಗ್ 5ಕ್ಕೆ 5. ಹಡಗಿಗೆ ಹೊರಡುವವರು, ಅವರ ಮನೆಯವರು ಇಬ್ಬರೂ ಇಷ್ಟು ಮಾಡಿಕೊಳ್ಳಿ. ಹೊರಡುವ ಮೊದಲು ಕಂಪನಿಯ ಆರ್‌ಪಿಎಸ್‌ಎಲ್ ನಂಬರನ್ನು ಡಿಜಿ ಶಿಪ್ಪಿಂಗ್ ವೆಬ್‌ಸೈಟಿನಲ್ಲಿ ನೋಡಿ. ಕಾಂಟ್ರಾಕ್ಟಿನ ಒಂದು ಪ್ರತಿ ಮನೆಯಲ್ಲಿರಲಿ. ಹಡಗು ಹತ್ತಿದ ದಿನವೇ ಆ ಗ್ಯಾರಂಟಿ ಸರ್ಟಿಫಿಕೇಟಿನ ಫೋಟೋ ತೆಗೆದು ಮನೆಗೆ ಕಳಿಸಿ. ನಿದ್ದೆ ಮಾಡಿದ ಗಂಟೆಗಳನ್ನು ನಿಮ್ಮದೇ ಪುಸ್ತಕದಲ್ಲಿ ಬರೆದಿಡಿ. ಮುಂದಿನ ಬಂದರು ಯಾವುದು ಅಂತ ಗೊತ್ತಾದ ಕೂಡಲೇ ಅಲ್ಲಿ ಸ್ಟೆಲ್ಲಾ ಮಾರಿಸ್ ಇದೆಯಾ ಹುಡುಕಿ, ಹಡಗಿನ ಹೆಸರು ಮತ್ತು ತಲುಪುವ ದಿನ ಬರೆದು ಮೆಸೇಜ್ ಹಾಕಿ, ಹಡಗಿಗೆ ಬನ್ನಿ ಅಂತ ಕೇಳಿ. ಅಲ್ಲಿ ಇಲ್ಲದಿದ್ದರೆ ನಾವಿಕರ ಹಿತಕ್ಕಾಗಿ ಇರುವ ಐಸ್ವಾನ್ ಸಂಸ್ಥೆಯ ಸೀಫೇರರ್‌ಹೆಲ್ಪ್ ಸಹಾಯವಾಣಿ ಇದೆ, ದಿನದ 24 ಗಂಟೆಯೂ, ಉಚಿತ, ಹಿಂದಿಯಲ್ಲೂ ಮಾತಾಡಬಹುದು. ಮನೆಯವರೂ ಫೋನ್ ಮಾಡಬಹುದು.